ನೋವಿನ ಮಾತ್ರೆ ಉಸಿರು ಕಟ್ಟಿಸಿದಾಗ

ತಲೆನೋವಿಗೆಂದು ಮಾತ್ರೆ ನುಂಗಿದ್ದೀರಿ. ಅರ್ಧ ಗಂಟೆಗೋ ಎರಡು ಮೂರು ಗಂಟೆಗೋ ಮೂಗು ಕಟ್ಟಿ ಸೋರತೊಡಗುತ್ತದೆ, ಕಣ್ಣು ಕೆಂಪಾಗುತ್ತದೆ, ಅದರ ಬೆನ್ನಿಗೇ ಎದೆ ಬಿಗಿದು ಉಬ್ಬಸ ಏಳುತ್ತದೆ. ಶೀತವಿರಬೇಕು, ದೂಳಿರಬೇಕು ಎಂದುಕೊಳ್ಳುವವರೇ ಹೆಚ್ಚು. ನೋವು ಕಳೆಯಲು ಬಂದ ಮಾತ್ರೆಯ ಮೇಲೆ ಅನುಮಾನ ಹೋಗುವುದೇ ಇಲ್ಲ. ಹೋಗಬೇಕು.

ಮೊದಲು ಉಸಿರನ್ನು ನೋಡಿಕೊಳ್ಳಿ. ಮಲಗದೆ ನೆಟ್ಟಗೆ ಕುಳಿತುಕೊಳ್ಳಿ. ಆಸ್ತಮಾಕ್ಕೆ ವೈದ್ಯರು ಕೊಟ್ಟ ಸಾಲ್ಬುಟಮಾಲ್ ಇನ್‌ಹೇಲರ್ ಇದ್ದರೆ ಅವರು ಹೇಳಿದಷ್ಟು ಬಳಸಿ. ಅದರಿಂದ ಗುಣ ಕಾಣದಿದ್ದರೆ, ಒಂದು ವಾಕ್ಯ ಮುಗಿಸಲೂ ಉಸಿರು ಸಾಲದಿದ್ದರೆ, ತುಟಿ ನೀಲಿಗಟ್ಟಿದರೆ, ನಾಲಿಗೆ ಅಥವಾ ಗಂಟಲು ಊದಿಕೊಂಡರೆ ತಕ್ಷಣ ಆಂಬುಲೆನ್ಸ್ ಕರೆಸಿ. ಈ ತೊಂದರೆ ನಿಮಿಷಗಳಲ್ಲಿ ಬಿಗಡಾಯಿಸಬಲ್ಲದು.

ಉಸಿರು ಹದಕ್ಕೆ ಬಂದ ಮೇಲೆ ಒಂದು ಚೀಟಿಯಲ್ಲಿ ಬರೆದಿಡಿ: ಯಾವ ಔಷಧ, ಎಷ್ಟು ಮಿಲಿಗ್ರಾಂ, ನುಂಗಿದ್ದು ಯಾವಾಗ, ಮೊದಲ ಲಕ್ಷಣ ಕಂಡದ್ದು ಯಾವಾಗ. ಮಾತ್ರೆಯ ಖಾಲಿ ಪಟ್ಟಿಯನ್ನು ಎಸೆಯಬೇಡಿ. ವೈದ್ಯರಿಗೆ ಇದಕ್ಕಿಂತ ದೊಡ್ಡ ಸುಳಿವು ಸಿಗುವುದಿಲ್ಲ, ಏಕೆಂದರೆ ಈ ತೊಂದರೆಯನ್ನು ಖಚಿತವಾಗಿ ಹಿಡಿದುಕೊಡುವ ರಕ್ತಪರೀಕ್ಷೆಯಾಗಲಿ ಚರ್ಮದ ಪರೀಕ್ಷೆಯಾಗಲಿ ಇಲ್ಲ.

ಇನ್ನು ಹಿಂದಿನದನ್ನು ನೆನೆಯಿರಿ. ಮೂಗು ಸದಾ ಕಟ್ಟಿರುತ್ತದೆಯೇ? ವಾಸನೆ ತಿಳಿಯುವುದು ಕಡಿಮೆಯಾಗಿದೆಯೇ? ಮೂಗಿನ ಒಳಗೆ ಪಾಲಿಪ್ ಎಂಬ ಮೃದು ಗಡ್ಡೆಗಳಿವೆಯೆಂದು, ತೆಗೆಸಿದರೂ ಮತ್ತೆ ಬೆಳೆದಿವೆಯೆಂದು ಯಾರಾದರೂ ಹೇಳಿದ್ದಾರೆಯೇ? ದೊಡ್ಡವರಾದ ಮೇಲೆ ಆಸ್ತಮಾ ಶುರುವಾಯಿತೇ? ಆಸ್ತಮಾ, ಪಾಲಿಪ್, ನೋವಿನ ಮಾತ್ರೆ ಆಗದಿರುವುದು ಈ ಮೂರೂ ಒಬ್ಬರಲ್ಲೇ ಕೂಡಿಬರುವುದನ್ನು 1922ರಲ್ಲಿ ಫ್ರಾನ್ಸಿನ ವೈದ್ಯ ವಿಡಾಲ್ ಮತ್ತು ಸಂಗಡಿಗರು ಗುರುತಿಸಿದರು. 1968ರಲ್ಲಿ ಸ್ಯಾಮ್ಟರ್ ಮತ್ತು ಬಿಯರ್ಸ್ ಅದನ್ನು ವಿಸ್ತಾರವಾಗಿ ವಿವರಿಸಿದ ಮೇಲೆ ಸ್ಯಾಮ್ಟರ್ ತ್ರಿಕ ಎಂಬ ಹೆಸರು ನಿಂತಿತು. ಇಂಥವರಲ್ಲಿ ಹಲವರಿಗೆ ಮದ್ಯ ಸ್ವಲ್ಪ ಒಳಹೋದರೂ ಮೂಗು ಕಟ್ಟುತ್ತದೆ. ಅದನ್ನೂ ವೈದ್ಯರಿಗೆ ತಿಳಿಸಿ.

ಅತಿ ಹೆಚ್ಚು ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. "ನನಗೆ ಆಸ್ಪಿರಿನ್ ಆಗುವುದಿಲ್ಲ" ಎಂದುಕೊಂಡು ಐಬುಪ್ರೊಫೆನ್ ಎಂಬ ಇನ್ನೊಂದು ನೋವಿನ ಮಾತ್ರೆ ನುಂಗುತ್ತಾರೆ. ಇದು ಒಂದು ರಾಸಾಯನಿಕಕ್ಕೆ ಅಂಟಿದ ಅಲರ್ಜಿಯಲ್ಲ. ಈ ಔಷಧಗಳು ಕಾಕ್ಸ್-1 ಎಂಬ ಕಿಣ್ವವನ್ನು ತಡೆಯುತ್ತವೆ. ಆಗ ಶ್ವಾಸನಾಳಕ್ಕೆ ರಕ್ಷೆಯಾಗಿದ್ದ ಪ್ರೊಸ್ಟಾಗ್ಲಾಂಡಿನ್ ಕುಗ್ಗಿ, ಅದನ್ನು ಬಿಗಿಯುವ ಲ್ಯೂಕೋಟ್ರೈನ್‌ಗಳು ಉಕ್ಕುತ್ತವೆ. ಹಾಗಾಗಿ ಡೈಕ್ಲೊಫೆನಾಕ್, ನ್ಯಾಪ್ರಾಕ್ಸೆನ್, ಮೆಫೆನಾಮಿಕ್ ಆಮ್ಲ, ಕೀಟೊರೊಲ್ಯಾಕ್ ಎಲ್ಲವೂ ಒಂದೇ ಬಳಗ. ವರ್ಷಗಟ್ಟಲೆ ಒಗ್ಗಿದ್ದ ಮಾತ್ರೆಯೂ ಒಂದು ದಿನ ತಿರುಗಿಬೀಳಬಹುದು.

ಆದ್ದರಿಂದ ಕಂಪನಿ ಇಟ್ಟ ಹೆಸರನ್ನು ಬಿಟ್ಟು, ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದುವುದನ್ನು ರೂಢಿಸಿಕೊಳ್ಳಿ. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ಸೇರಿರುತ್ತವೆ: ಪ್ಯಾರಾಸಿಟಮಾಲ್ ಎಂದು ನಂಬಿ ತೆಗೆದುಕೊಂಡದ್ದರಲ್ಲಿ ಐಬುಪ್ರೊಫೆನ್ ಅಡಗಿರಬಹುದು. ಶೀತದ ಮಾತ್ರೆಗಳನ್ನೂ, ನೋವಿನ ಜೆಲ್ ಮತ್ತು ಕಣ್ಣಿನ ಹನಿಗಳನ್ನೂ ಹೀಗೆಯೇ ಪರೀಕ್ಷಿಸಿ. ಆಗದ ಹೆಸರುಗಳ ಪಟ್ಟಿಯೊಂದು ಪರ್ಸಿನಲ್ಲಿರಲಿ. ಹಲ್ಲಿನ ವೈದ್ಯರಿಗೂ ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರಿಗೂ ಅದನ್ನು ತೋರಿಸಿ.

ಹಾಗಾದರೆ ನೋವಿಗೆ ಏನು? ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಹೆಚ್ಚಿನವರಿಗೆ ಒಗ್ಗುತ್ತದೆ. ಒಮ್ಮೆಲೇ 1,000 ಮಿಲಿಗ್ರಾಂ ನುಂಗಿದರೆ ಕೆಲವರಿಗೆ ತೊಂದರೆ ಕಾಣಿಸಿಕೊಳ್ಳುತ್ತದೆ. ಕಾಕ್ಸ್-1ರ ಬದಲು ಮುಖ್ಯವಾಗಿ ಕಾಕ್ಸ್-2 ಎಂಬ ಕಿಣ್ವವನ್ನು ತಡೆಯುವ ಸೆಲೆಕಾಕ್ಸಿಬ್‌ನಂತಹ ಔಷಧಗಳನ್ನೂ ಸಾಮಾನ್ಯವಾಗಿ ತಡೆದುಕೊಳ್ಳಬಹುದಾದರೂ ಮೊದಲ ಸಲ ವೈದ್ಯರ ಕಣ್ಣೆದುರೇ ತೆಗೆದುಕೊಳ್ಳಿ. ಹೃದಯಕ್ಕೆಂದು ದಿನವೂ ಆಸ್ಪಿರಿನ್ ನುಂಗುತ್ತಿರುವವರು ಈ ಲೇಖನ ಓದಿ ತಾವಾಗಿಯೇ ಅದನ್ನು ನಿಲ್ಲಿಸಬಾರದು. ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು.

"ನಿಜವೋ ಸುಳ್ಳೋ, ಅರ್ಧ ಮಾತ್ರೆ ನುಂಗಿ ನೋಡೋಣ" ಎಂಬ ಪ್ರಯೋಗ ಮನೆಯಲ್ಲಿ ಖಂಡಿತ ಬೇಡ. ಅದನ್ನೇ ಅಲರ್ಜಿ ತಜ್ಞರು ಆಸ್ಪತ್ರೆಯಲ್ಲಿ, ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ, ಗಂಟೆಗಟ್ಟಲೆ ಉಸಿರಾಟವನ್ನು ಅಳೆಯುತ್ತಾ ಮಾಡುತ್ತಾರೆ.

ಮಾತ್ರೆ ಬಿಟ್ಟ ಮಾತ್ರಕ್ಕೆ ಆಸ್ತಮಾ, ಪಾಲಿಪ್ ಮಾಯವಾಗುವುದಿಲ್ಲ. ಅವಕ್ಕೆ ಮೂಗಿನ ಸ್ಟೀರಾಯ್ಡ್ ಸ್ಪ್ರೇ, ಇನ್‌ಹೇಲರ್, ಲ್ಯೂಕೋಟ್ರೈನ್‌ಗಳನ್ನು ತಡೆಯುವ ಮಾಂಟೆಲುಕಾಸ್ಟ್ ಮುಂತಾದ ಚಿಕಿತ್ಸೆ ನಡೆಯುತ್ತಲೇ ಇರಬೇಕಾಗುತ್ತದೆ. ಕೆಲವರಿಗೆ ಆಸ್ಪಿರಿನ್ನನ್ನೇ ಹಂತಹಂತವಾಗಿ ಏರಿಸಿ ದೇಹಕ್ಕೆ ಒಗ್ಗಿಸುವ ಚಿಕಿತ್ಸೆಯೂ ಇದೆ. ಒಗ್ಗಿದ ಮೇಲೆ ಅದನ್ನು ದಿನವೂ ನುಂಗಬೇಕು. ಕೆಲವೇ ದಿನ ತಪ್ಪಿದರೂ ಒಗ್ಗಿದ್ದೆಲ್ಲ ಅಳಿದುಹೋಗಿ, ಮತ್ತೆ ಆಸ್ಪತ್ರೆಯಲ್ಲಿಯೇ ಆರಂಭಿಸಬೇಕಾಗುತ್ತದೆ.