ಎಕ್ಸ್‌ರೇ ಕೋಣೆಗೆ ಹೋಗುವ ಮುನ್ನ: ಚೀಟಿ, ಜಡೆ, ಉಸಿರು

ಒಂದು ಎಕ್ಸ್‌ರೇ ತೆಗೆಸಲು ತೋಟದ ಕಡೆಯವರು ಬೆಳಗಿನ ಬಸ್ಸು ಹಿಡಿದು ಹಾಸನಕ್ಕೋ ಚಿಕ್ಕಮಗಳೂರಿಗೋ ಬಂದು ಅರ್ಧ ದಿನ ಕಳೆಯುತ್ತಾರೆ. ಅಷ್ಟಾದ ಮೇಲೆ ಚಿತ್ರ ಕೆಟ್ಟರೆ ಮತ್ತೆ ಯಂತ್ರದ ಮುಂದೆ ನಿಲ್ಲಬೇಕು, ಮತ್ತೆ ಅಷ್ಟೇ ವಿಕಿರಣ. ಕೆಡುವ ಕಾರಣಗಳು ಸಣ್ಣವು: ಚೀಟಿಯಲ್ಲಿ ಬಿಟ್ಟುಹೋದ ಒಂದು ಪದ, ರವಿಕೆಯ ಪಿನ್ನು, ಅರ್ಧ ಎಳೆದ ಉಸಿರು. ಇವೆಲ್ಲ ನಮ್ಮ ಕೈಯಲ್ಲೇ ಇರುವ ವಿಷಯಗಳು.

ಚೀಟಿ

ವೈದ್ಯರ ಕೋಣೆಯಿಂದ ಹೊರಡುವ ಮುಂಚೆಯೇ ಚೀಟಿ ಓದಿ. ಯಾವ ಭಾಗ, ಎಡವೋ ಬಲವೋ, ಯಾಕೆ ಎಂಬ ಮೂರೂ ಅದರಲ್ಲಿರಬೇಕು. ‘ಕೈ’ ಎಂದಷ್ಟೇ ಇದ್ದರೆ ಬೆರಳೋ ಮಣಿಕಟ್ಟೋ ಮೊಣಕೈಯೋ ತಿಳಿಯದು. ಮೂಳೆಗೆ ಕನಿಷ್ಠ ಎರಡು ಚಿತ್ರ ಬೇಕು, ಎದುರಿನಿಂದ ಒಂದು, ಪಕ್ಕದಿಂದ ಒಂದು. ಎದುರಿನಿಂದ ಸರಿಯಾಗೇ ಕಾಣುವ ಮೂಳೆ ಪಕ್ಕದಿಂದ ನೋಡಿದರೆ ಮುರಿದಿರುವುದುಂಟು. ಎರಡು ಸಲ ತೆಗೆದರೆ ದುಡ್ಡಿಗಾಗಿ ತೆಗೆದರು ಎಂದುಕೊಳ್ಳಬೇಡಿ.

ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಕಾಲೂರಿದವರ ವಿಷಯ ಸ್ವಲ್ಪ ಬೇರೆ. ಹಿಮ್ಮಡಿ ಮೂಳೆ ಒಡೆಯುವಷ್ಟು ಜೋರಾದ ಪೆಟ್ಟು ಮೇಲಕ್ಕೇರಿ ಸೊಂಟದ ಬೆನ್ನುಮೂಳೆಯನ್ನೂ ಕುಸಿಸಬಲ್ಲದು. ಹಿಮ್ಮಡಿಯ ನೋವಿನ ಅಬ್ಬರದಲ್ಲಿ ಬೆನ್ನಿನ ನೋವು ಗಮನಕ್ಕೇ ಬರುವುದಿಲ್ಲ. ಎಷ್ಟು ಎತ್ತರದಿಂದ, ಹೇಗೆ ಬಿದ್ದರೆಂದು ಹೇಳಿ ‘ಬೆನ್ನಿನದೂ ತೆಗೆಯಬೇಕಾ?’ ಎಂದು ಕೇಳಿ. ಕುತ್ತಿಗೆ ಅಥವಾ ಬೆನ್ನಿಗೆ ಪೆಟ್ಟಾಗಿರುವ ಅನುಮಾನವಿದ್ದರೆ ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿಕೊಂಡು ಬರಲೇಬೇಡಿ. ಅಲುಗಾಡದಂತೆ ಮಲಗಿಸಿಟ್ಟು 108ಕ್ಕೆ ಫೋನ್ ಮಾಡಿ.

ಮುಟ್ಟು ತಡವಾಗಿದ್ದರೆ ಕೋಣೆಯೊಳಗೆ ಹೋಗುವ ಮೊದಲೇ ಹೇಳಬೇಕು, ಕೇಳಲಿ ಎಂದು ಕಾಯಬಾರದು. ಗರ್ಭಿಣಿಯಾದರೂ ಕೈ, ಪಾದದ ಎಕ್ಸ್‌ರೇ ನಿಲ್ಲಿಸಬೇಕಾಗಿಲ್ಲ, ಕಿರಣ ಹೊಟ್ಟೆಯ ಮೇಲೆ ಬೀಳುವುದಿಲ್ಲ. ಸೊಂಟ, ಹೊಟ್ಟೆಯದಾದರೆ ವೈದ್ಯರು ಯೋಚಿಸಿ ಹೇಳಲಿ.

ಮೈಮೇಲಿನ ಲೋಹ

ಎಕ್ಸ್‌ರೇ ಕಂಡುಹಿಡಿದ ವಿಜ್ಞಾನಿ ರಾಂಟ್‌ಜೆನ್ 1895ರಲ್ಲಿ ಹೆಂಡತಿಯ ಕೈಯ ಚಿತ್ರ ತೆಗೆದಾಗ ಬೆರಳಿನ ಮೂಳೆಗಿಂತ ಉಂಗುರವೇ ಎದ್ದು ಕಂಡಿತ್ತು. ನಮ್ಮಲ್ಲಿ ಚಿತ್ರ ಕೆಡಿಸುವ ಪಟ್ಟಿ ಉದ್ದ: ತಾಳಿ ಸರ, ತಾಯತ, ಉಡಿದಾರಕ್ಕೆ ಕಟ್ಟಿದ ಬೆಳ್ಳಿ, ಸೇಫ್ಟಿ ಪಿನ್, ಒಳ ಉಡುಪಿನ ಹುಕ್ಕು, ಜೇಬಿನ ಮೊಬೈಲು, ಟೀ ಶರ್ಟಿನ ದಪ್ಪ ರಬ್ಬರ್ ಅಚ್ಚು. ತಾಳಿ ಬಿಚ್ಚಲು ಮನಸ್ಸಿಲ್ಲದವರು ಎದೆಯ ಎಕ್ಸ್‌ರೇಗೆ ಅದನ್ನು ಗಲ್ಲದ ಮೇಲಕ್ಕೆ ಎತ್ತಿ ಹಿಡಿದರೂ ನಡೆಯುತ್ತದೆ, ಕುತ್ತಿಗೆಯ ಎಕ್ಸ್‌ರೇಗೆ ಬಿಚ್ಚಲೇಬೇಕು. ಲೋಹವಲ್ಲದಿದ್ದರೂ ಮೋಸ ಮಾಡುವುದು ಜಡೆ. ದಪ್ಪ ಜಡೆ, ಅದರಲ್ಲೂ ಒದ್ದೆಯಾಗಿದ್ದರೆ, ಶ್ವಾಸಕೋಶದ ತುದಿಯಲ್ಲಿ ಕಲೆಯಂತೆ ಬೀಳುತ್ತದೆ. ಕ್ಷಯದ ಕಲೆಯನ್ನು ಹುಡುಕುವುದೂ ಅದೇ ಜಾಗದಲ್ಲಿ. ಆದ್ದರಿಂದ ತುರುಬು ಕಟ್ಟಿ ಎತ್ತರಕ್ಕೆ ಸಿಕ್ಕಿಸಿ.

ಎದೆಯ ಎಕ್ಸ್‌ರೇ

ಎದೆಯನ್ನು ಚಿತ್ರ ಮೂಡುವ ಪ್ಲೇಟಿಗೆ ಒತ್ತಿ ನಿಲ್ಲಿ, ಗಲ್ಲ ಮೇಲಕ್ಕೆ. ಕೈಯ ಹಿಂಭಾಗ ಸೊಂಟದ ಮೇಲಿರಲಿ, ಮೊಣಕೈಗಳು ಮುಂದಕ್ಕೆ ಬರಲಿ. ಹೀಗೆ ಮಾಡಿದಾಗ ಹೆಗಲಿನ ಅಗಲ ಮೂಳೆಗಳು ಶ್ವಾಸಕೋಶದ ಮೇಲಿಂದ ಪಕ್ಕಕ್ಕೆ ಸರಿಯುತ್ತವೆ. ಯಂತ್ರ ಬೆನ್ನ ಹಿಂದೆ ಸುಮಾರು 180 ಸೆಂಟಿಮೀಟರ್ ದೂರದಲ್ಲಿರುತ್ತದೆ. ಹೃದಯ ಪ್ಲೇಟಿಗೆ ಹತ್ತಿರ, ಯಂತ್ರಕ್ಕೆ ದೂರ ಇದ್ದರೆ ಅದರ ನೆರಳು ಹಿಗ್ಗುವುದಿಲ್ಲ.

ಇನ್ನು ಉಸಿರು. ಪೂರ್ತಿ ಒಳಗೆಳೆದು ಹಿಡಿದರೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಪರದೆ) ಕೆಳಗಿಳಿದು ಹಿಂಬದಿಯ 9–10 ಪಕ್ಕೆಲುಬುಗಳು ಶ್ವಾಸಕೋಶದ ಮೇಲೆ ಕಾಣುತ್ತವೆ. ಅರ್ಧ ಉಸಿರಿಗೆ ತೆಗೆದ ಚಿತ್ರದಲ್ಲಿ ಹೃದಯ ದೊಡ್ಡದಾಗಿ, ಶ್ವಾಸಕೋಶದ ಬುಡ ಮಬ್ಬಾಗಿ ಕಂಡು ಇಲ್ಲದ ನ್ಯುಮೋನಿಯಾದ ಅನುಮಾನ ಹುಟ್ಟುತ್ತದೆ. ಸಾಲಿನಲ್ಲಿ ಕಾಯುವಾಗಲೇ ಕೆಮ್ಮಿ ಕಫ ಸರಿಮಾಡಿಕೊಂಡು, ಜೋರಾಗಿ ಎಳೆದು ಐದು ಎಣಿಸುವವರೆಗೆ ಹಿಡಿಯುವುದನ್ನು ಎರಡು ಸಲ ಅಭ್ಯಾಸ ಮಾಡಿ. ಕಿರಣ ಬೀಳುವುದು ಸೆಕೆಂಡಿನ ಸಣ್ಣ ಪಾಲು ಮಾತ್ರ, ಆದರೆ ಆ ಕ್ಷಣ ಯಾವುದೆಂದು ನಿಮಗೆ ಗೊತ್ತಾಗದು. ಎಳೆಯ ಮಗು ಅಳುತ್ತಿದ್ದರೆ ಗಾಬರಿ ಬೇಡ, ಅಳುವಿನ ನಡುವೆ ಅದು ಎಳೆಯುವ ಉಸಿರು ದೊಡ್ಡವರದಕ್ಕಿಂತ ಚೆನ್ನಾಗಿರುತ್ತದೆ.

ಎರಡು ವಾರ ದಾಟಿದ ಕೆಮ್ಮಿಗೆ ಎಕ್ಸ್‌ರೇ ಒಂದೇ ಸಾಲದು. ಅದು ಕ್ಷಯದ ಅನುಮಾನ ಹುಟ್ಟಿಸುತ್ತದೆ, ಖಚಿತಪಡಿಸಲು ಕಫ ಪರೀಕ್ಷೆ ಬೇಕು.

ಕಾಣದ್ದೂ ಇದೆ

ಮಾಂಸಖಂಡ, ಸ್ನಾಯುಬಂಧ, ಜಾರಿದ ಡಿಸ್ಕ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಪಾದಕ್ಕೆ ಚುಚ್ಚಿ ಒಳಗೇ ಮುರಿದ ಕಾಫಿ ಗಿಡದ ಕೂಳೆ, ಬಿದಿರಿನ ಸಿಬಿರು ಸಾಮಾನ್ಯವಾಗಿ ಕಾಣುವುದಿಲ್ಲ, ಅದಕ್ಕೆ ಅಲ್ಟ್ರಾಸೌಂಡ್ ವಾಸಿ. ಗಾಜಿನ ಚೂರು ಮಾತ್ರ ಸಾಮಾನ್ಯವಾಗಿ ಕಾಣುತ್ತದೆ. ಅಂಗೈ ಊರಿ ಬಿದ್ದು ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದರೆ ನೋಯುತ್ತಿದ್ದು, ಎಕ್ಸ್‌ರೇ ‘ಸರಿಯಿದೆ’ ಎಂದರೂ ಕೈಯನ್ನು ಪಟ್ಟಿಯಲ್ಲೇ ಇಟ್ಟು 10–14 ದಿನಕ್ಕೆ ಮತ್ತೆ ತೆಗೆಸಬೇಕು. ಅಲ್ಲಿನ ಪುಟ್ಟ ಮೂಳೆಯ ಬಿರುಕು ಮೊದಲ ದಿನ ಅಡಗಿಕೊಂಡಿರಬಹುದು. ಯೂರಿಕ್ ಆಮ್ಲದ ಮೂತ್ರಕಲ್ಲೂ ಹಾಗೆಯೇ ತಪ್ಪಿಸಿಕೊಳ್ಳುತ್ತದೆ.

ಮಗು ನಾಣ್ಯ ನುಂಗಿದೆ ಎಂದು ಬಂದಾಗ ಚಿತ್ರದ ಅಂಚನ್ನು ನೋಡುತ್ತಾರೆ. ಒಂದೇ ಗೆರೆಯಾದರೆ ಸಾಮಾನ್ಯವಾಗಿ ನಾಣ್ಯ. ಅಂಚಿನೊಳಗೆ ಇನ್ನೊಂದು ಬಳೆಯಂತೆ ಗೆರೆ ಇದ್ದರೆ ಬಟನ್ ಬ್ಯಾಟರಿ. ಅನ್ನನಾಳದಲ್ಲಿ ಸಿಕ್ಕಿಕೊಂಡ ಬ್ಯಾಟರಿ ಎರಡು ಗಂಟೆಯೊಳಗೇ ಸುಡಲು ಶುರು ಮಾಡುತ್ತದೆ. ಆಟಿಕೆಯ ಬ್ಯಾಟರಿ ಕಾಣೆಯಾಗಿದ್ದರೆ ಬಾಗಿಲಲ್ಲೇ ಹೇಳಿ, ಸಾಲಿನಲ್ಲಿ ನಿಲ್ಲಬೇಡಿ.

ವಿಕಿರಣ ಎಷ್ಟು?

ನೆಲ, ಗಾಳಿ, ಆಕಾಶದಿಂದ ವರ್ಷಕ್ಕೆ ಒಬ್ಬರಿಗೆ ತಾನಾಗಿಯೇ ಬೀಳುವ ವಿಕಿರಣದ ಜಾಗತಿಕ ಸರಾಸರಿ ಸುಮಾರು 2.4 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ). ಒಂದು ಎದೆಯ ಎಕ್ಸ್‌ರೇ ಸುಮಾರು 0.02, ಎಂದರೆ ಮೂರು ದಿನದ ಲೆಕ್ಕ. ಸೊಂಟದ ಬೆನ್ನುಮೂಳೆಯದು ಸುಮಾರು 1.5, ಹೊಟ್ಟೆಯ ಸಿಟಿ ಸ್ಕ್ಯಾನ್ ಸುಮಾರು 8. ಎದೆಯದಕ್ಕೆ ಹೆದರಿ, ಸಿಟಿಯನ್ನು ‘ಒಂದ್ಸಲ ಮಾಡ್ಸಿಬಿಡಿ’ ಎಂದು ತಾವೇ ಕೇಳುವವರ ಲೆಕ್ಕ ತಲೆಕೆಳಗು. ಕಿರಣ ಮೈಯಲ್ಲಿ ಉಳಿಯುವುದಿಲ್ಲ, ಇಳಿಸಲು ಏನನ್ನೂ ಕುಡಿಯಬೇಕಾಗಿಲ್ಲ. ಜೊತೆಗೆ ಬಂದವರು ಹೊರಗಿರಿ. ಮಗುವನ್ನು ಹಿಡಿಯಲೇಬೇಕಾದರೆ ಸೀಸದ ಏಪ್ರನ್ ಕೇಳಿ ಹಾಕಿಕೊಳ್ಳಿ, ಗರ್ಭಿಣಿ ಹಿಡಿಯಬಾರದು. ಬಾಗಿಲ ಮೇಲಿನ ಕೆಂಪು ದೀಪ ಉರಿಯುವಾಗ ತಳ್ಳಿಕೊಂಡು ಒಳಗೆ ಬರಬೇಡಿ.

ಫಿಲ್ಮ್ ಜೋಪಾನ

ಸ್ಥಳ ಬಿಡುವ ಮುನ್ನ ಹೆಸರು, ತಾರೀಖು, ಎಡ–ಬಲದ ಗುರುತು ನೋಡಿಕೊಳ್ಳಿ. ಈಗಿನ ಫಿಲ್ಮ್‌ಗಳಲ್ಲಿ ಹೆಚ್ಚಿನವು ಬಿಸಿಗೆ ಕಪ್ಪಾಗುವಂಥವು, ಒಲೆಯ ಮೇಲಿನ ಅಟ್ಟ, ಬಿಸಿಲಲ್ಲಿ ನಿಂತ ಕಾರು ಅದಕ್ಕೆ ಆಗದು. ಮಲೆನಾಡಿನ ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟುತ್ತವೆ, ನಡುವೆ ಕಾಗದ ಹಾಕಿ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿ. ದೂರದ ವೈದ್ಯರಿಗೆ ವಾಟ್ಸಾಪ್ ಮಾಡುವುದಾದರೆ ಬಿಳಿ ಲ್ಯಾಪ್‌ಟಾಪ್ ಪರದೆಗೋ ಬೆಳಕಿನ ಕಿಟಕಿಗೋ ಹಿಡಿದು, ಫ್ಲಾಶ್ ಆರಿಸಿ, ನಾಲ್ಕೂ ಮೂಲೆ ಬರುವಂತೆ ನೇರವಾಗಿ ತೆಗೆಯಿರಿ. ಸಿಡಿ ಕೊಡುತ್ತಾರಾ ಎಂದು ಕೇಳಿ, ಅದು ಇದೆಲ್ಲಕ್ಕಿಂತ ಮೇಲು.

ಚಿನ್ನದಂಗಡಿಯಲ್ಲಿ

ಆಸ್ಪತ್ರೆಯ ಹೊರಗೂ ಎಕ್ಸ್‌ರೇ ಎದುರಾಗುತ್ತದೆ: ಒಡವೆ ಪರೀಕ್ಷಿಸುವ ಕ್ಯಾರೆಟ್ ಮೀಟರಿನ ಕೆಲಸವೂ ಅದರಿಂದಲೇ. ಕಿರಣ ತಾಗಿದ ಪ್ರತಿ ಲೋಹವೂ ತನ್ನದೇ ಶಕ್ತಿಯ ಕಿರಣವನ್ನು ಹಿಂದಿರುಗಿಸುತ್ತದೆ, ಯಂತ್ರ ಅದನ್ನು ಅಳೆದು ಚಿನ್ನ, ಬೆಳ್ಳಿ, ತಾಮ್ರದ ಪಾಲು ಹೇಳುತ್ತದೆ. 22 ಕ್ಯಾರೆಟ್ ಆದರೆ ಶೇ. 91.6, ಅದೇ ‘916’. ಆದರೆ ಓದುವುದು ಮೇಲಿನ ತೆಳು ಪದರವನ್ನಷ್ಟೇ. ದಪ್ಪ ಚಿನ್ನದ ಲೇಪ ಅದನ್ನು ಏಮಾರಿಸಬಲ್ಲದು, ಒಳಗೆ ತುಂಬಿದ ಅರಗು ಅದಕ್ಕೆ ಕಾಣದು, ಬೆಸುಗೆಯ ಜಾಗದಲ್ಲಿ ಅಂಕಿ ಇಳಿಯುತ್ತದೆ. ಹಳೆಯ ಸರ ಮಾರುವಾಗ ಕೊಂಡಿ, ನಡುಭಾಗ, ಪದಕ ಹೀಗೆ ಮೂರು ಕಡೆ ಇಡಿಸಿ, ಕೊಳೆ ಒರೆಸಿದ ಮೇಲೆ ಇಡಿಸಿ. ಬೆಸುಗೆಯ ಮೇಲಿನ ಒಂದೇ ಅಂಕಿ ಹಿಡಿದು ದರ ಕಟ್ಟಲು ಬಿಡಬೇಡಿ.