ಮೂವತ್ತು ಬಂಡಲ್ ಹಾಳೆ, ಒಂದೇ ಬೇಡಿಕೆ

ಸಾಗರದಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಅರ್ಜಿ ಟೈಪ್ ಮಾಡುವುದೇ ನನ್ನ ಹೊಟ್ಟೆಪಾಡು. ಪಹಣಿ ತಿದ್ದುಪಡಿ, ಬಗರ್‌ಹುಕುಂ, ಮಾಹಿತಿ ಹಕ್ಕು, ಎಲ್ಲ ಬಗೆಯ ಅರ್ಜಿಗಳೂ ಇಲ್ಲಿಂದ ಕಚೇರಿಗಳಿಗೆ ಹೋಗುತ್ತವೆ. ಜಮೀನಿನ ಹೋರಾಟದಲ್ಲಿ ಓಡಾಡುವ ಒಬ್ಬ ರೈತರು ನನ್ನ ಹಳೆಯ ಗಿರಾಕಿ. ಅರ್ಜಿಯಲ್ಲಿ ಒಂದು ಸಾಲು ತಿದ್ದಬೇಕಿದ್ದರೂ ಬಸ್ ಹತ್ತಿಕೊಂಡು ಬರುತ್ತಿದ್ದರು. "ಫೋನಲ್ಲೇ ಹೇಳಬಹುದಿತ್ತಲ್ಲ" ಅಂದರೆ, "ಫೋನಲ್ಲಿ ಬೇಡ ಮಾರಾಯ್ರೆ" ಅನ್ನುತ್ತಿದ್ದರು. ಅವರ ಫೋನನ್ನು ಯಾರಾದರೂ ಕೇಳಿಸಿಕೊಳ್ಳುತ್ತಿದ್ದರಾ? ಅವರಿಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ದಾರಿಯೂ ಇಲ್ಲ. ಕೇಳಿ ಮುಗಿದ ಮೇಲಾದರೂ 'ನಿಮ್ಮ ಫೋನ್ ಕೇಳಿದ್ದೆವು' ಎಂದು ತಿಳಿಸಬೇಕು ಅನ್ನುವ ನಿಯಮ ನಮ್ಮ ಕಾನೂನಿನಲ್ಲಿಲ್ಲ. ಆ ಭಯಕ್ಕೆ ಅವರು ಬಸ್ ಚಾರ್ಜ್ ಕೊಡುತ್ತಿದ್ದರು. ನನಗೆ ಈ ವಿಷಯ ಹತ್ತಿಕೊಂಡಿದ್ದು ಅಲ್ಲಿಂದ.

ಫೋನ್ ಕೇಳಿಸಿಕೊಳ್ಳುವ ಅಧಿಕಾರ ಸರ್ಕಾರಕ್ಕೆ ಬಂದಿದ್ದು ಬ್ರಿಟಿಷರ ಕಾಲದ 1885ರ ಟೆಲಿಗ್ರಾಫ್ ಕಾಯ್ದೆಯಿಂದ. ಅದರ ಜಾಗಕ್ಕೆ ದೂರಸಂಪರ್ಕ ಕಾಯ್ದೆ 2023 ಬಂತು. ಆ ವರ್ಷ ಡಿಸೆಂಬರ್‌ನಲ್ಲಿ, ನೂರಕ್ಕೂ ಹೆಚ್ಚು ವಿರೋಧ ಪಕ್ಷದ ಸಂಸದರು ಅಮಾನತಾಗಿದ್ದ ಹೊತ್ತಿನಲ್ಲಿ, ಸಂಸತ್ತು ಅದನ್ನು ಪಾಸ್ ಮಾಡಿತು. 2024ರ ಆಗಸ್ಟ್ 28ಕ್ಕೆ ಫೋನ್ ಕೇಳಿಸಿಕೊಳ್ಳುವ ವಿಧಾನದ ಕರಡು ನಿಯಮ ಹೊರಬಿತ್ತು. ಆಕ್ಷೇಪಣೆ ಸಲ್ಲಿಸಲು 30 ದಿನ. ನಮಗೆ ವಿಷಯ ತಿಳಿಯುವಷ್ಟರಲ್ಲಿ ಒಂದು ವಾರ ಹೋಗಿತ್ತು. ಕರಡು ಇದ್ದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ.

ಮೊದಲು ಕೂತಿದ್ದು ಐದು ಜನ. ನಾನು, ಆ ರೈತರು, ಒಬ್ಬ ಯುವ ವಕೀಲೆ, ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರು, ಒಬ್ಬ ಕಾಲೇಜು ಮೇಷ್ಟ್ರು. ಮೊದಲ ಎರಡು ಸಂಜೆ ಬರೀ ಕನ್ನಡ ಮಾಡುವುದರಲ್ಲೇ ಕಳೆಯಿತು. ನಿಘಂಟು ನೋಡಿ 'ಕಾನೂನುಬದ್ಧ ಪ್ರತಿಬಂಧ' ಎಂದು ಬರೆದಿದ್ದೆ. ಅಂಗಡಿಗೆ ಬಂದ ನಾಲ್ಕು ಜನಕ್ಕೆ ಓದಿ ಹೇಳಿದೆ. ಒಬ್ಬರಿಗೂ ಅರ್ಥವಾಗಲಿಲ್ಲ. ಪೇಪರಿನವರು ಬರೆಯುವ 'ಫೋನ್ ಕದ್ದಾಲಿಕೆ' ಎಲ್ಲರಿಗೂ ಗೊತ್ತು. ಆದರೆ ವಕೀಲೆ ಒಪ್ಪಲಿಲ್ಲ. "ಕದ್ದು ಕೇಳೋದು ಈಗಲೂ ಅಪರಾಧ. ನಾವು ಮಾತಾಡ್ತಿರೋದು ಆದೇಶ ಹೊರಡಿಸಿ ಕೇಳೋದರ ಬಗ್ಗೆ" ಅಂದರು. ಸರಿ ಅನ್ನಿಸಿತು. ಕೊನೆಗೆ 'ಸರ್ಕಾರ ನಮ್ಮ ಫೋನ್ ಕೇಳಿಸಿಕೊಳ್ಳೋದು' ಎಂದೇ ಬರೆದೆವು. ಉದ್ದ ಆಯಿತು. ಆದರೆ ಸಂತೆಯಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ನಮ್ಮ ಕಡೆ ಈ ವಿಷಯಕ್ಕೆ ಒಂದು ಹಳೆಯ ನೆನಪೂ ಅಂಟಿಕೊಂಡಿದೆ. ಪಕ್ಕದ ಸಿದ್ದಾಪುರ ತಾಲ್ಲೂಕಿನ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟದ್ದು ಫೋನ್ ಕದ್ದಾಲಿಕೆ ಆರೋಪದ ಗದ್ದಲದಲ್ಲೇ. ಹಿರಿಯರ ಹತ್ತಿರ ಈ ಮಾತು ತೆಗೆದರೆ ಅರ್ಧ ಗಂಟೆ ಅಲ್ಲೇ ಹೋಯಿತು ಅನ್ನಿ. ತಪ್ಪು ಯಾರದ್ದು, ಪಿತೂರಿ ಯಾರದ್ದು ಎಂದು ವಾದ ಶುರುವಾಗುತ್ತಿತ್ತು. ಎರಡು ದಿನ ಇದನ್ನು ನೋಡಿ ನಾವೊಂದು ನಿಯಮ ಮಾಡಿಕೊಂಡೆವು: ಯಾವ ಪಕ್ಷದ, ಯಾವ ನಾಯಕರ ಹೆಸರೂ ನಮ್ಮ ಬಾಯಲ್ಲಿ ಬರಬಾರದು. 2019ರಲ್ಲೂ ರಾಜ್ಯದಲ್ಲಿ ಇಂಥದ್ದೇ ಆರೋಪ ಎದ್ದು ತನಿಖೆ ಸಿಬಿಐಗೆ ಹೋಗಿತ್ತು. ಇದಕ್ಕೆ ಎಲ್ಲ ಪಕ್ಷದವರೂ ಹೆದರುತ್ತಾರೆ, ಆದರೆ ಕುರ್ಚಿ ಸಿಕ್ಕ ಮೇಲೆ ಯಾರೂ ಬದಲಾಯಿಸುವುದಿಲ್ಲ. ಅಷ್ಟು ಹೇಳಿದರೆ ಸಾಕಿತ್ತು.

ನಮ್ಮ ಮೊದಲ ಕರಪತ್ರದಲ್ಲಿ ತಪ್ಪಿತ್ತು. 'ಯಾರ ಅನುಮತಿಯೂ ಇಲ್ಲದೆ ಪೊಲೀಸರು ನಿಮ್ಮ ಫೋನ್ ಕೇಳಬಹುದು' ಎಂದು ನಾನೇ ಟೈಪ್ ಮಾಡಿದ್ದೆ. ಐನೂರು ಪ್ರತಿ ಆಗಿತ್ತು. ನಿವೃತ್ತ ಎಎಸ್‌ಐ ಒಬ್ಬರು ಅದನ್ನು ಓದಿ ಅಂಗಡಿಗೆ ಬಂದರು. ಸಿಟ್ಟಿರಲಿಲ್ಲ, ಬೇಜಾರಿತ್ತು. "ಹಂಗೆ ಸುಮ್ನೆ ಕೇಳೋಕೆ ಬರಲ್ಲ. ಗೃಹ ಕಾರ್ಯದರ್ಶಿ ಆದೇಶ ಬೇಕು. ತುರ್ತು ಇದ್ರೆ ಐಜಿ ದರ್ಜೆಯವರು ಕೊಡಬಹುದು, ಅದಕ್ಕೂ ಏಳು ಕೆಲಸದ ದಿನದೊಳಗೆ ಮೇಲಿನಿಂದ ಒಪ್ಪಿಗೆ ಬರಬೇಕು" ಅಂದರು. ಐನೂರನ್ನೂ ರದ್ದಿಗೆ ಹಾಕಿದೆವು. ಪ್ರಚಾರಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವುದೇ ಇದನ್ನು. ಕಾನೂನಿನ ಬಗ್ಗೆ ಒಂದು ಸಾಲು ತಪ್ಪಿದರೂ ಊರಲ್ಲಿ ಅದನ್ನು ಹಿಡಿಯುವವರು ಒಬ್ಬರಾದರೂ ಇರುತ್ತಾರೆ. ಆಮೇಲೆ ಉಳಿದ ಸರಿಯಾದ ಸಾಲುಗಳನ್ನೂ ಜನ ನಂಬುವುದಿಲ್ಲ. ಅಂದಿನಿಂದ ಪ್ರತಿ ಕರಡನ್ನೂ ಆ ಎಎಸ್‌ಐ ಅವರಿಗೇ ಮೊದಲು ತೋರಿಸಿದೆವು.

ಅವರು ಹೇಳಿದ್ದರಿಂದಲೇ ನಮ್ಮ ಬೇಡಿಕೆಯೂ ಸ್ಪಷ್ಟವಾಯಿತು. ಆದೇಶ ಕೊಡುವವರು ಸರ್ಕಾರದ ಕಾರ್ಯದರ್ಶಿ. ಅದು ಸರಿ ಇದೆಯಾ ಎಂದು ನೋಡುವ ಪರಿಶೀಲನಾ ಸಮಿತಿಯಲ್ಲಿ ಇರುವವರೂ ಮೂರು ಜನ ಕಾರ್ಯದರ್ಶಿಗಳು. ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ ಅದರ ಅಧ್ಯಕ್ಷರು, ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ. ಹೊರಗಿನವರು ಒಬ್ಬರೂ ಇಲ್ಲ. ಒಂದು ಆದೇಶ 60 ದಿನ ನಡೆಯುತ್ತದೆ, ಮುಂದುವರಿಸಿದರೆ 180 ದಿನದವರೆಗೂ. ಈ ಇಡೀ ಸರಪಳಿಯಲ್ಲಿ ನ್ಯಾಯಾಧೀಶರೊಬ್ಬರು ಎಲ್ಲೂ ಬರುವುದಿಲ್ಲ. 1996ರಲ್ಲಿ, ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಈ ಸಮಿತಿಯ ವ್ಯವಸ್ಥೆ ಮಾಡಿತು. ಆದರೆ ಮೊದಲೇ ನ್ಯಾಯಾಧೀಶರ ಅನುಮತಿ ಬೇಕು ಎಂದು ಹೇಳಲಿಲ್ಲ, ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿಲ್ಲ, ನಿಯಮ ಮಾಡಬೇಕಾದ್ದು ಕೇಂದ್ರ ಸರ್ಕಾರ ಎಂದಿತು. ಹಾಗಾಗಿ ಕೇಳಬೇಕಾದ್ದು ಅವರನ್ನೇ ಅಲ್ವಾ?

ಗುಂಪು ದೊಡ್ಡದಾದಂತೆ ಬೇಡಿಕೆಗಳೂ ಬೆಳೆದವು. ಆಧಾರ್ ಸೇರಿಸಿ, ಸಿಸಿ ಕ್ಯಾಮೆರಾ ಸೇರಿಸಿ, ಫೋನಿನೊಳಗೆ ನುಸುಳುವ ಗೂಢಚಾರ ತಂತ್ರಾಂಶ ಪೆಗಾಸಸ್ ಬಿಡಬೇಡಿ ಎಂದರು. ಎಲ್ಲವೂ ಮುಖ್ಯವೇ. ಆದರೆ ನಾನು ದಿನಾ ಅರ್ಜಿ ಟೈಪ್ ಮಾಡುವವನು. ಹತ್ತು ವಿಷಯ ಇರುವ ಅರ್ಜಿ ಯಾವ ಟೇಬಲಿಗೂ ಸೇರದೆ ಅಲೆಯುತ್ತದೆ ಎಂದು ನನಗೆ ಗೊತ್ತು. ಒಂದು ರಾತ್ರಿ ಜೋರು ವಾದ ಆಯಿತು. ಇಬ್ಬರು ಗುಂಪು ಬಿಟ್ಟು ಹೋದರು, ಅದು ಇವತ್ತಿಗೂ ನನಗೆ ನೋವೇ. ಉಳಿದದ್ದು ಒಂದು ಬೇಡಿಕೆ: ಫೋನ್ ಕೇಳುವ ಮೊದಲು ಜಡ್ಜ್ ಸಹಿ ಆಗಲಿ. ಅದರ ಬಾಲಕ್ಕೆ ಇನ್ನೊಂದು ಸಾಲು: ವರ್ಷಕ್ಕೆ ಎಷ್ಟು ಆದೇಶ ಹೊರಟವು ಎಂಬ ಲೆಕ್ಕವನ್ನು ಸದನದ ಮುಂದೆ ಇಡಲಿ.

ಸಂತೆಯಲ್ಲಿ ನಿಂತರೆ ಬರುವ ಮೊದಲ ಮಾತು ಎಲ್ಲ ಕಡೆಯೂ ಒಂದೇ. "ನಾನೇನು ತಪ್ಪು ಮಾಡಿಲ್ಲ, ಕೇಳ್ಕೊಳ್ಳಲಿ ಬಿಡಿ." ಇದಕ್ಕೆ ನಾವು ಬಾಂಬೆ ಹೈಕೋರ್ಟಿನ 2019ರ ತೀರ್ಪು ಹೇಳಿ ನೋಡಿದೆವು. ಲಂಚದ ಆರೋಪವಿದ್ದ ಉದ್ಯಮಿಯೊಬ್ಬರ ಫೋನ್ ಕೇಳಲು ಕೊಟ್ಟ ಆದೇಶಗಳನ್ನು ಆ ಕೋರ್ಟ್ ರದ್ದು ಮಾಡಿತ್ತು, ಅಲ್ಲಿ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆಯೇ ಇಲ್ಲ ಎಂದು. ವಕೀಲರಿಗೆ ಇಷ್ಟವಾಯಿತು, ಜನಕ್ಕೆ ತಟ್ಟಲಿಲ್ಲ. ತಟ್ಟುವ ಹಾಗೆ ಹೇಳಿದ್ದು ಪೋಸ್ಟ್‌ಮಾಸ್ಟರ್. ಒಂದು ಕೈಯಲ್ಲಿ ಪೋಸ್ಟ್ ಕಾರ್ಡ್, ಇನ್ನೊಂದು ಕೈಯಲ್ಲಿ ಇನ್‌ಲ್ಯಾಂಡ್ ಲೆಟರ್ ಹಿಡಿದುಕೊಂಡು ತರಕಾರಿ ಮಾರುವ ಅಮ್ಮನ ಹತ್ತಿರ ಕೇಳಿದರು: "ನಿಮ್ಮ ಮಗಳಿಗೆ ಕಾಗದ ಬರೀಬೇಕಾದ್ರೆ ಯಾವುದರಲ್ಲಿ ಬರೀತಿದ್ರಿ?" ಅವರು ಇನ್‌ಲ್ಯಾಂಡ್ ಕಡೆ ಕೈ ತೋರಿಸಿದರು. "ಯಾಕೆ, ಅದರಲ್ಲಿ ತಪ್ಪು ಎಂತಾದ್ರೂ ಬರೀತಿದ್ರಾ?" "ಇಲ್ಲಪ್ಪ. ಮನೆ ಮಾತು ಅದು."

ಮನೆ ಮಾತು. ಆಮೇಲೆ ನಮ್ಮ ಕರಪತ್ರದ ತಲೆಬರಹ ಅದೇ ಆಯಿತು.

ಪೋಸ್ಟ್‌ಮಾಸ್ಟರಿಗೆ ಇನ್ನೊಂದು ಕಥೆ ಹೇಳುವ ಆಸೆ ಯಾವಾಗಲೂ. 1986ರಲ್ಲಿ ಜನರ ಕಾಗದ ಒಡೆದು ನೋಡುವ ಅಧಿಕಾರ ಹೆಚ್ಚಿಸುವ ಮಸೂದೆಯನ್ನು ಸಂಸತ್ತು ಪಾಸ್ ಮಾಡಿತ್ತು. ರಾಷ್ಟ್ರಪತಿ ಜೈಲ್ ಸಿಂಗ್ ಅದಕ್ಕೆ ಸಹಿ ಹಾಕಲೇ ಇಲ್ಲ. ವಾಪಸ್ಸೂ ಕಳಿಸಲಿಲ್ಲ. ಹಾಗೇ ಇಟ್ಟುಕೊಂಡರು. ಮಸೂದೆ ಕಾನೂನು ಆಗಲಿಲ್ಲ. "ಒಂದು ಸಹಿ ಬೀಳದಿದ್ದರೆ ಎಷ್ಟಾಗತ್ತೆ ನೋಡಿ" ಅನ್ನುವಾಗ ಅವರ ದನಿ ಏರುತ್ತಿತ್ತು. ಆಮೇಲೆ ಮೆಲ್ಲಗೆ, ಹೊಸ ಅಂಚೆ ಕಚೇರಿ ಕಾಯ್ದೆ 2023ರಲ್ಲಿ ಕಾಗದ ಒಡೆಯುವ ಅಧಿಕಾರ ಇದೆ, 2024ರ ಜೂನ್‌ನಿಂದ ಜಾರಿಗೂ ಬಂದಿದೆ ಎಂದು ಸೇರಿಸುತ್ತಿದ್ದರು.

ಆ ವರ್ಷ ಗಣೇಶ ಚೌತಿ ಸೆಪ್ಟೆಂಬರ್ 7ಕ್ಕೆ ಬಂತು. ಒಂದು ಪೆಂಡಾಲಿನವರು ಮೂರನೇ ದಿನ ಸಂಜೆ ನಮಗೆ ಅರ್ಧ ಗಂಟೆ ಕೊಟ್ಟರು. ಹೇಳುವುದಕ್ಕಿಂತ ತೋರಿಸುವುದು ಒಳ್ಳೆಯದು ಎಂದುಕೊಂಡೆವು. ಬೆಂಗಳೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿ ಜನರ ಖಾಸಗಿ ಮಾಹಿತಿಯ ರಕ್ಷಣೆ ಬಗ್ಗೆ 2018ರಲ್ಲಿ ಕೊಟ್ಟ ವರದಿಯಲ್ಲಿ ಒಂದು ಲೆಕ್ಕ ಇದೆ. ಕೇಂದ್ರ ಸರ್ಕಾರ ತಿಂಗಳಿಗೆ 7,500ರಿಂದ 9,000 ಆದೇಶ ಹೊರಡಿಸುತ್ತದೆ ಎಂದು ಮಾಹಿತಿ ಹಕ್ಕಿನ ಉತ್ತರದಿಂದ ತಿಳಿದಿತ್ತು. ಪರಿಶೀಲನಾ ಸಮಿತಿ ಸೇರುವುದು ಎರಡು ತಿಂಗಳಿಗೊಮ್ಮೆ. ಅಂದರೆ ಒಂದು ಸಭೆಗೆ 15,000ರಿಂದ 18,000 ಆದೇಶ. ಇದು ಆಗದ ಮಾತು ಎಂದು ವರದಿಯೇ ಹೇಳುತ್ತದೆ.

15,000 ಅಂದರೆ ನನ್ನ ಕಣ್ಣಿಗೆ ಬರುವುದು ಕಾಗದದ ಬಂಡಲ್. ಎ4 ಬಂಡಲ್ ಒಂದರಲ್ಲಿ 500 ಹಾಳೆ. ಮೂವತ್ತು ಬಂಡಲ್! ಹನ್ನೆರಡು ನನ್ನ ಅಂಗಡಿಯಲ್ಲಿದ್ದವು, ಉಳಿದದ್ದನ್ನು ಸಗಟು ಅಂಗಡಿಯಿಂದ ಒಂದು ದಿನದ ಮಟ್ಟಿಗೆ ತಂದೆವು. ಆಟೋದಲ್ಲಿ ಎರಡು ಟ್ರಿಪ್. ವೇದಿಕೆ ಮೇಲೆ ಒಂದರ ಮೇಲೊಂದು ಪೇರಿಸಿದರೆ ನನ್ನ ಭುಜದ ಹತ್ತಿರ ಬಂತು, ಹಿಂದೆ ಇಬ್ಬರು ಹುಡುಗರು ಒತ್ತಿ ಹಿಡಿದುಕೊಳ್ಳಬೇಕಾಯಿತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ಊಟಕ್ಕೂ ಏಳದೆ ನೋಡಿದರೆ, ಒಂದು ಹಾಳೆಗೆ ಎರಡು ಸೆಕೆಂಡೂ ಸಿಗುವುದಿಲ್ಲ.

ಪಿಯುಸಿ ಓದುವ ಒಬ್ಬ ಹುಡುಗಿಯನ್ನು ಮೇಲೆ ಕರೆದು ಕೂರಿಸಿದೆವು. ಮುಂದೆ 300 ಹಾಳೆ. ಪ್ರತಿ ಹಾಳೆಯಲ್ಲೂ ಒಂದು ಹೆಸರು, ಒಂದು ನಂಬರ್, ಎರಡು ಸಾಲು ಕಾರಣ, ಎಲ್ಲ ನಾವೇ ಕಟ್ಟಿದ್ದು. ಓದಿ ನೋಡಿ, ಸರಿ ಇದ್ದರೆ ರೈಟ್ ಮಾರ್ಕ್ ಹಾಕಬೇಕು. ಹತ್ತು ನಿಮಿಷ. ಮೊದಲ ನಾಲ್ಕೈದು ಹಾಳೆಗಳನ್ನು ಅವಳು ಬೆರಳಿಟ್ಟು ಓದಿದಳು. ಜನ "ಲೇಟಾಯ್ತು, ಲೇಟಾಯ್ತು" ಎಂದು ಕೂಗಿದರು. ಆಮೇಲೆ ಓದುವುದು ಬಿಟ್ಟಳು. ಕೈ ಮಾತ್ರ ಓಡುತ್ತಿತ್ತು. ಟಿಕ್, ಮಗುಚು, ಟಿಕ್, ಮಗುಚು. ಹತ್ತು ನಿಮಿಷ ಮುಗಿದ ಮೇಲೆ ವಕೀಲೆ ಆ ರಾಶಿಯಿಂದ ಒಂದು ಹಾಳೆ ಎಳೆದು ಮೈಕಿನಲ್ಲಿ ಓದಿದರು. ಅದರಲ್ಲಿದ್ದ ಹೆಸರು ಆ ಹುಡುಗಿಯ ಅಪ್ಪನದು. ಕಾರಣದ ಜಾಗ ಖಾಲಿ. ಪಕ್ಕದಲ್ಲಿ ಅವಳದೇ ರೈಟ್ ಮಾರ್ಕ್.

ಅವರಪ್ಪನ ಒಪ್ಪಿಗೆ ಮೊದಲೇ ಪಡೆದಿದ್ದೆವು. ಆದರೂ ಅವಳು ಆ ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡುತ್ತಾ ನಿಂತಾಗ ಪೆಂಡಾಲಿನಲ್ಲಿ ಸದ್ದೇ ಇರಲಿಲ್ಲ. ಆ ಸಂಜೆ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಕರಡು ನಿಯಮಕ್ಕೆ ಆಕ್ಷೇಪಣೆಯ ಕಾಗದ ಬರೆದರು.

"ಹಂಗಾದ್ರೆ ಪೊಲೀಸರು ಕಳ್ಳರನ್ನ ಹಿಡಿಯೋದು ಹೆಂಗೆ?" ಅನ್ನುವ ಪ್ರಶ್ನೆಯೂ ಬಂತು, ಬರಲೇಬೇಕು. ಅಮೆರಿಕದಲ್ಲಿ ಅಪರಾಧ ತನಿಖೆಗೆ ಫೋನ್ ಕೇಳಲು 1968ರಿಂದಲೂ ಜಡ್ಜ್ ಆದೇಶ ಬೇಕು, ಎಷ್ಟು ಆದೇಶ ಕೊಟ್ಟರು ಎಂಬ ವರದಿ ಪ್ರತಿ ವರ್ಷ ಹೊರಬರುತ್ತದೆ. ಬ್ರಿಟನ್ನಿನಲ್ಲಿ 2016ರ ಕಾನೂನಿನ ಪ್ರಕಾರ ಮಂತ್ರಿಯ ಸಹಿಯ ಮೇಲೆ ನ್ಯಾಯಾಂಗ ಆಯುಕ್ತರ ಒಪ್ಪಿಗೆಯೂ ಆಗಬೇಕು. ಅಲ್ಲಿಯೂ ಪೊಲೀಸರು ಕೆಲಸ ಮಾಡುತ್ತಲೇ ಇದ್ದಾರೆ. ಇದನ್ನು ನಾನು ಹೇಳುವುದಕ್ಕಿಂತ ನಮ್ಮ ಎಎಸ್‌ಐ ಹೇಳಿದರೆ ಜನ ಜಾಸ್ತಿ ಕೇಳುತ್ತಿದ್ದರು.

ಸಹಿ ಸಂಗ್ರಹದ ಹಾಳೆ ಇಡುವುದು ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆವು. ಒಂದೇ ಹಾಳೆಯಲ್ಲಿ ನೂರು ಜನರ ಹೆಸರು, ಊರು, ಮೊಬೈಲ್ ನಂಬರ್ ಬರೆಸಿಕೊಂಡು ಊರೆಲ್ಲ ಹಿಡಿದು ತಿರುಗುವುದು ಈ ವಿಷಯಕ್ಕೇ ಅವಮಾನ ಅನ್ನಿಸಿತು. ಅದಕ್ಕೆ ಒಬ್ಬೊಬ್ಬರೂ ತಮ್ಮದೇ ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದು, ತಾವೇ ಅಂಟಿಸಿ, ತಾವೇ ಡಬ್ಬಿಗೆ ಹಾಕಿದರು. ಎರಡೂವರೆ ರೂಪಾಯಿ ಖರ್ಚು. ನಾವು ಮಾದರಿ ಸಾಲುಗಳನ್ನಷ್ಟೇ ಕೊಟ್ಟೆವು. ಯಾರು ಬರೆದರು ಎಂಬ ಪಟ್ಟಿ ನಮ್ಮ ಹತ್ತಿರ ಇಲ್ಲ. ಮಾರಿದ ಇನ್‌ಲ್ಯಾಂಡ್ ಲೆಕ್ಕದ ಮೇಲೆ ನಾನ್ನೂರು ಚಿಲ್ಲರೆ ಕಾಗದ ದೂರಸಂಪರ್ಕ ಇಲಾಖೆ ಇರುವ ದೆಹಲಿಯ ಸಂಚಾರ ಭವನಕ್ಕೆ ಹೋಗಿವೆ ಎಂದು ಹೇಳಬಲ್ಲೆ. ಅಂಚೆಗೆ ಒಂದು ವಾರ ಹಿಡಿಯುತ್ತದೆ ಎಂದು ನಮ್ಮ ಕೊನೆಯ ದಿನವನ್ನು ಸೆಪ್ಟೆಂಬರ್ 18 ಎಂದು ಇಟ್ಟುಕೊಂಡಿದ್ದೆವು.

ಅಕ್ಟೋಬರ್ ಕೊನೆಯಲ್ಲಿ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತೀರಿಕೊಂಡ ಸುದ್ದಿ ಬಂತು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರು. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿರುದ್ಧ ಕೋರ್ಟಿಗೆ ಹೋದವರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ಅವರ ಪ್ರಕರಣದಲ್ಲೇ. ಪೇಪರಿನಲ್ಲಿ ಬಂದ ಅವರ ಫೋಟೋ ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದೆ.

ಡಿಸೆಂಬರ್‌ನಲ್ಲಿ ಅಂತಿಮ ನಿಯಮ ಬಂತು. ಜಡ್ಜ್ ಮಾತು ಅದರಲ್ಲಿಲ್ಲ. ಸಮಿತಿ ಅದೇ ಕಾರ್ಯದರ್ಶಿಗಳದ್ದು, ಸೇರುವುದು ಅದೇ ಎರಡು ತಿಂಗಳಿಗೊಮ್ಮೆ. ಆ ದಿನ ರೈತರು ಬಂದು ಅಂಗಡಿಯ ಬೆಂಚಿನ ಮೇಲೆ ತುಂಬಾ ಹೊತ್ತು ಕೂತಿದ್ದರು. ನಾನೂ ಮಾತಾಡಲಿಲ್ಲ.

ಈಗ ನಾವು ಬೇಡಿಕೆಯ ಎರಡನೇ ಸಾಲನ್ನು ಹಿಡಿದಿದ್ದೇವೆ. ರಾಜ್ಯದಲ್ಲಿ ವರ್ಷಕ್ಕೆ ಎಷ್ಟು ಆದೇಶ? ಹೆಸರು ಬೇಡ, ನಂಬರ್ ಬೇಡ, ಎಣಿಕೆ ಸಾಕು. ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ 150 ಪದದೊಳಗೆ, ಒಂದೇ ವಿಷಯಕ್ಕೆ ಇರಬೇಕು. ಆ ಮಿತಿ ಇಲ್ಲಿ ನಮಗೆ ಒಳ್ಳೆಯದೇ ಮಾಡಿತು, ಪ್ರಶ್ನೆ ಒಂದೇ ಇದೆಯಲ್ಲ. ಸಂಬಂಧಪಟ್ಟ ಕಚೇರಿ ಭದ್ರತೆಯ ಕಾರಣ ಹೇಳಿ ಕೊಡಲು ಆಗುವುದಿಲ್ಲ ಎಂದಿತು. ಮೊದಲ ಮೇಲ್ಮನವಿಗೂ ಅದೇ ಉತ್ತರ. ಎರಡನೇ ಮೇಲ್ಮನವಿಯನ್ನು ಮೊನ್ನೆ ಟೈಪ್ ಮಾಡಿದೆ. ಕೇಂದ್ರ ಸರ್ಕಾರದ ಎಣಿಕೆಯನ್ನು ಬರೆದಿರುವ ಶ್ರೀಕೃಷ್ಣ ಸಮಿತಿಯ ಆ ಪುಟವನ್ನು ಜೊತೆಗೆ ಲಗತ್ತಿಸಿದ್ದೇನೆ. ರೈತರು ಅದನ್ನು ಎರಡು ಸಲ ಓದಿದರು, ಒಂದು ಕಡೆ ಅಲ್ಪವಿರಾಮ ತಪ್ಪಿದ್ದನ್ನು ತೋರಿಸಿ ತಿದ್ದಿಸಿದರು, ಆಮೇಲೆ ಸಹಿ ಹಾಕಿದರು.