ತೊಂದರೆ ಇದ್ದದ್ದು ಎಕ್ಸ್‌ನಲ್ಲಲ್ಲ

ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಏಳು, ಎಂಟನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಸಮೀಕರಣದ ಪಾಠ ಬಂದರೆ ಮಕ್ಕಳು ಎಕ್ಸ್ ನೋಡಿ ಹೆದರುತ್ತಾರೆ ಅಂತ ಬಹಳ ವರ್ಷ ನಂಬಿದ್ದೆ. ಒಂದು ದಿನ ಬೋರ್ಡ್ ಮೇಲೆ 8 + 4 = □ + 5 ಅಂತ ಬರೆದೆ. ಇದರಲ್ಲಿ ಎಕ್ಸ್ ಇಲ್ಲವೇ ಇಲ್ಲ. ಆದರೂ ಜಾಸ್ತಿ ಮಕ್ಕಳು ಚೌಕದೊಳಗೆ 12 ಬರೆದರು. ಕೆಲವರು 17. ಸರಿಯಾಗಿ 7 ಬರೆದವರು ಮೂರೇ ಜನ.

ಅವರು ಎಡವಿದ್ದು ಸಮ ಚಿಹ್ನೆಯಲ್ಲಿ. ಒಂದನೇ ತರಗತಿಯಿಂದ ಅದನ್ನು 'ಇಲ್ಲಿ ಉತ್ತರ ಬರಿ' ಅಂತಲೇ ಓದಿಕೊಂಡು ಬಂದಿದ್ದಾರೆ. ಎರಡೂ ಕಡೆ ಒಂದೇ ಬೆಲೆ ಅಂತ ಯಾರೂ ಬಿಡಿಸಿ ಹೇಳಿಲ್ಲ. ನಾನೂ ಹೇಳಿರಲಿಲ್ಲ. 'ಆ ಕಡೆ ಹೋದರೆ ಕೂಡೋದು ಕಳೆಯೋದಾಗುತ್ತೆ' ಅಂತ ಸೂತ್ರ ಬಾಯಿಪಾಠ ಮಾಡಿಸಿದ್ದೆ. ಅದನ್ನೇ ನಂಬಿ 3ಎಕ್ಸ್ = 12 ಇದ್ದರೆ 12ರಲ್ಲಿ 3 ಕಳೆದು 9 ಅಂತ ಬರೆಯುತ್ತಿದ್ದರು. ಪಾಪ, ಅವರ ತಪ್ಪೇನಿದೆ?

ಕಿರಾಣಿ ಅಂಗಡಿಯಿಂದ ಹಳೇ ತಕ್ಕಡಿ ತಂದೆ. ಒಂದೇ ಅಳತೆಯ ಬಟ್ಟೆ ಚೀಲ ಹೊಲಿಸಿದೆ. ಮೊದಲು ಹುಣಸೆ ಬೀಜ ತುಂಬಿದೆ, ಕೆಲಸ ಕೆಟ್ಟಿತು. ಒಂದೊಂದು ಬೀಜದ ತೂಕ ಒಂದೊಂದು ಥರ, ತಕ್ಕಡಿ ನಿಲ್ಲಲೇ ಇಲ್ಲ. ಮರುದಿನ ಒಂದೇ ಸೈಜಿನ ಗೋಲಿ ತಂದೆ. ಪ್ರತಿ ಚೀಲದಲ್ಲೂ ಅಷ್ಟಷ್ಟೇ ಗೋಲಿ ಹಾಕಿ ಬಾಯಿ ಕಟ್ಟಿದೆ. ಎಷ್ಟು ಅಂತ ಹೇಳಲಿಲ್ಲ. ಒಂದು ಚೀಲದೊಳಗಿನ ಗೋಲಿಗಳ ಸಂಖ್ಯೆಗೆ 'ಚ' ಅಂತ ಹೆಸರಿಟ್ಟೆವು. ಚ ಅಂದರೆ ಚೀಲ ಅಲ್ಲ, ಒಳಗಿನ ಸಂಖ್ಯೆ. ಇದನ್ನು ಹತ್ತು ಸಲ ಹೇಳಬೇಕಾಯಿತು.

ಎಡಕ್ಕೆ ಮೂರು ಚೀಲ, ಎರಡು ಗೋಲಿ. ಬಲಕ್ಕೆ ಒಂದು ಚೀಲ, ಹತ್ತು ಗೋಲಿ. ಎಡಗಡೆ ಬಟ್ಟೆ ಜಾಸ್ತಿ ಇತ್ತಲ್ಲ, ಅದಕ್ಕೇ ಬಲಕ್ಕೆ ಎರಡು ಖಾಲಿ ಚೀಲ ಇಟ್ಟೆ. ಮುಳ್ಳು ನಡುವೆ ನಿಂತಿತು. ಬೋರ್ಡ್ ಮೇಲೆ 3ಚ + 2 = ಚ + 10.

ಒಬ್ಬ ಹುಡುಗಿ ಎದ್ದು ಬಂದು ಎರಡೂ ಕಡೆಯಿಂದ ಒಂದೊಂದು ತುಂಬಿದ ಚೀಲ ತೆಗೆದಳು. ಮುಳ್ಳು ಅಲುಗಲಿಲ್ಲ. 2ಚ + 2 = 10. ಆಮೇಲೆ ಎರಡೆರಡು ಗೋಲಿ ತೆಗೆದಳು. 2ಚ = 8. ಅರ್ಧ ಮಾಡಿದಳು, ಚ = 4. ಚೀಲ ಬಿಚ್ಚಿ ಎಣಿಸಿದರೆ ನಾಲ್ಕೇ ಗೋಲಿ! ತಾಳೆ ನೋಡುವುದು ಅಂದರೆ ಇದೇ ಅಂತ ಆಗ ಹೇಳಿದೆ. 3×4 + 2 = 14, 4 + 10 = 14.

ಸಮ ಚಿಹ್ನೆಯ ಕಥೆಯನ್ನೂ ಅವತ್ತೇ ಹೇಳಿದೆ. ಅದನ್ನು 1557ರಲ್ಲಿ ಮೊದಲು ಅಚ್ಚು ಮಾಡಿದವರು ವೇಲ್ಸ್‌ನ ರಾಬರ್ಟ್ ರೆಕಾರ್ಡ್. ಸಮಾಂತರವಾದ ಎರಡು ಗೆರೆಗಳಿಗಿಂತ ಸಮವಾದ ಜೋಡಿ ಇನ್ನೊಂದಿಲ್ಲ ಅನ್ನೋದು ಅವರು ಕೊಟ್ಟ ಕಾರಣ.

ಕಳೆಯುವ ಲೆಕ್ಕಕ್ಕೆ ತಕ್ಕಡಿ ಒಗ್ಗುವುದಿಲ್ಲ. ಚ − 3 = 5 ಅನ್ನು ಗೋಲಿಯಲ್ಲಿ ಹೇಗೆ ತೋರಿಸುವುದು? ಅಲ್ಲಿ ಉದ್ರಿ ಲೆಕ್ಕ ಹಿಡಿದೆ. ಮೂರು ರೂಪಾಯಿ ಉದ್ರಿ ತೀರಿಸಿದ ಮೇಲೆ ಐದು ಉಳಿಯಿತು, ಮೊದಲು ಎಷ್ಟಿತ್ತು? ಇದು ಎಲ್ಲರಿಗೂ ಗೊತ್ತು.

ನಾಟಿ ಹೊತ್ತಲ್ಲಿ ಶಾಲೆ ಬಿಟ್ಟ ಮಕ್ಕಳು ವಾಪಸ್ ಬಂದಾಗ ವೇ ಬ್ರಿಜ್ ಚೀಟಿಯಿಂದ ಶುರು ಮಾಡಿದೆ. ಟ್ರಾಲಿ ಸಮೇತ ಖಾಲಿ ಟ್ರ್ಯಾಕ್ಟರ್ 3,600 ಕೆ.ಜಿ., ಭತ್ತ ತುಂಬಿದ ಮೇಲೆ 8,100. ಚೀಲಕ್ಕೆ 75 ಕೆ.ಜಿ. ಅರವತ್ತು ಚೀಲ ಅಂತ ಬಾಯಲ್ಲೇ ಹೇಳಿದರು. ಅವರು ಹೇಳಿದ್ದನ್ನೇ 75ಚ + 3600 = 8100 ಅಂತ ಬರೆದು ತೋರಿಸಿದೆ. ಈ ಸಲ ಚ ಅಂದರೆ ಎಷ್ಟು ಚೀಲ ಅನ್ನೋ ಸಂಖ್ಯೆ. ಪುಸ್ತಕದ ಎಕ್ಸ್ ಬಂದದ್ದು ಅದಾದ ವಾರಕ್ಕೆ. ಯಾರೂ ಹೆದರಲಿಲ್ಲ.

ಮೊನ್ನೆ ಬೇಕಂತಲೇ 2ಚ + 3 = 2ಚ + 5 ಕೊಟ್ಟೆ. ಹಿಂದಿನ ಬೆಂಚಿನ ಹುಡುಗ ಸುಮ್ನೆ ನೋಡುತ್ತಾ ಕೂತಿದ್ದ. ಪೆನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಂದ: 'ಸರ್, ಚೀಲದಾಗ ಎಷ್ಟರ ಗೋಲಿ ಹಾಕ್ರಿ, ಈ ತಕ್ಕಡಿ ಯಾವತ್ತೂ ಸಮ ಆಗಂಗಿಲ್ರಿ.'